ಹೈದರಾಬಾದಿಗೆ ಹೋಗಿಬಂದ ಗಂಟಲು

ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹೈದರಾಬಾದಿಗೆ ಹೋಗಿದ್ದರು ಎಂದರೆ ತಪ್ಪಾಗುತ್ತದೆ. ಹೋಗಿದ್ದು ಅವರ ಗಂಟಲು! ಅವರು ಅದರ ಜೊತೆಗೆ ಹೋಗಿದ್ದರು, ಅಷ್ಟೆ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರು ಗಂಟಲಿನ ಅಳತೆ ಮಾಡಿಸಿಕೊಂಡು ಬಂದದ್ದು ಸಣ್ಣ ಸುದ್ದಿಯೇ? ಯಲಬುರ್ಗಾದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಜಕೋಲು ಹಿಡಿದು ಅಳೆಯುವವನು ನಾನು. ಕೀರ್ತಿ ಮಾತ್ರ ಅವರಿಗೆ!

ಅವರು ನುಂಗಿದ ಅನ್ನ ಎದೆಯಲ್ಲೇ ನಿಲ್ಲುತ್ತಿತ್ತು. ಕುಕನೂರಿನ ಮಾವನ ಮನೆಯ ಕಟ್ಟೆಯ ಮೇಲೆ ಕೂತು ಹಬ್ಬಹಬ್ಬಕ್ಕೂ ದವಾಖಾನೆಯ ಕತೆ ಶುರುಮಾಡುತ್ತಿದ್ದರು.

"ತುದಿಗೆ ಸಣ್ಣ ಗಾಳಿ ಪುಗ್ಗಾ ಕಟ್ಟಿದ ರಬ್ಬರ್ ನಳಿಗಿ ನುಂಗಿಸಿದ್ರು. ಈ ಕಡಿ ತುದಿ ಪಾದರಸ ಇದ್ದ ಗಾಜಿನ ನಳಿಗಿಗೆ. ಒಂದು ಗುಟುಕು ನೀರು ಕುಡದ್ನೋ ಇಲ್ಲೋ, ಒಳಗ ಅನ್ನದ ನಳಿಗಿ ಪುಗ್ಗಾ ಹಿಂಡ್ತು, ಹೊರಗ ಪಾದರಸ ಏರ್ತು! ಹಂಗ ಸ್ವಲ್ಪ ಸ್ವಲ್ಪ ಹಿಂದಕ ಜಗ್ಗಿ, ಎಲ್ಲೆಲ್ಲಿ ಎಷ್ಟು ಒತ್ತಡ ಐತಿ ಅಂತ ನೋಡಿದ್ರು. ಹೊಟ್ಟಿ ಬಾಗಲದಾಗ ಭಾಳ ಬಿಗಿ! ನುಂಗಿದಾಗ ತೆರೀಬೇಕು, ತೆರೀವಲ್ದು."

"ಡಾಕ್ಟರ್ ಸಾಹೇಬ್ರು ಏನಂದ್ರು?" ಮಾವ ಕೇಳುವರು.

"ವಾಹ್, ಕ್ಯಾ ಗಲಾ ಹೈ, ಎಂಥ ಗಂಟಲಾ ಅಂದ್ರು!"

ಸಂಗೀತಗಾರನಿಗೆ ಹೆಣ್ಣು ಕೊಟ್ಟವರಂತೆ ಮಾವ ಹಿಗ್ಗುವರು.

ನನಗೆ ಹೊಟ್ಟೆಕಿಚ್ಚಲ್ಲದೆ ಇನ್ನೇನಾಗಬೇಕು, ಹೇಳಿ? ಅವರಿಗೆ ಹಾಲುಗಂಜಿ, ಪಕ್ಕದಲ್ಲಿ ಬೀಸಣಿಕೆ ಹಿಡಿದ ಅತ್ತೆ, "ಮೆತ್ತಗ ಅಳಿಯಂದ್ರ, ಮೆತ್ತಗ" ಎಂಬ ಉಪಚಾರ. ನನಗೆ ಒಂದರ ಮೇಲೊಂದು ಪೇರಿಸಿದ ರೊಟ್ಟಿ, ಒಂದು ತಂಬಿಗೆ ನೀರು, "ಇವ್ರದೇನು ಚಿಂತಿಲ್ಲ ಬಿಡ್ರಿ" ಎಂಬ ಮಾತು. ಗಟ್ಟಿಮುಟ್ಟಾದ ಗಂಟಲಿಗೆ ಈ ಲೋಕದಲ್ಲಿ ಮರ್ಯಾದೆಯೇ ಇಲ್ಲ!

ಒಂದು ದಸರೆಗೆ ಅವರು ತಾವೇ ಮಾಡಿದ ಯಂತ್ರ ತಂದರು. ಕೊಪ್ಪಳದ ಸೈಕಲ್ ಅಂಗಡಿಯ ನಳಿಗೆ, ಮಕ್ಕಳ ಪುಗ್ಗಾ, ಪಾದರಸದ ಬದಲು ಕುಂಕುಮದ ನೀರು.

"ಯಾರರ ಅಳತಿ ಮಾಡಿಸ್ಕೋತೀರೇನ್ರಿ?"

"ನಾನು!" ಎಂದು ಎದ್ದೆ. ಇಂಥ ಅವಕಾಶ ಬಿಡಲುಂಟೇ? ಆದರೆ ಪುಗ್ಗಾ ಕಿರುನಾಲಿಗೆ ಮುಟ್ಟುವ ಮೊದಲೇ ಓಕರಿಕೆ ಬಂತು, ಕೈ ಬೀಸಿದೆ, ಕುಂಕುಮದ ನೀರೆಲ್ಲ ಮಾವನ ಬಿಳಿ ರುಮಾಲಿನ ಮೇಲೆ!

"ನಾಲಿಗಿ ದಾಟೂದಕ ಇವ್ರು ಹಿಂಗ ಮಾಡಿದ್ರು. ಹೊಟ್ಟಿತನಕ ನುಂಗಿದವ್ರದು ಎಂಥ ಧೈರ್ಯ!" ಎಂದರು ಅತ್ತೆ. ಅವತ್ತು ಷಡ್ಡಕರ ಗಂಜಿಗೆ ಇನ್ನಷ್ಟು ತುಪ್ಪ ಬಿತ್ತು.

ಸಿಟ್ಟಿನಲ್ಲೇ ಊಟಕ್ಕೆ ಕೂತೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅತ್ತೆ ಒಳಗೆ ಹೋದದ್ದೇ ತಡ, ಷಡ್ಡಕರು ಗಂಜಿಯ ಬಟ್ಟಲು ಸರಿಸಿ ನನ್ನೆದುರು ಬಂದು ಕೂತರು. ಕುಡಿದ ಎರಡು ಗುಟುಕೂ ಒಳಗೇ ನಿಂತುಬಿಟ್ಟಿದ್ದವು, ಎದೆ ಒತ್ತಿಕೊಳ್ಳುತ್ತಿದ್ದರು.

"ನಿಮ್ಮ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚು ಐತ್ರಿ," ಎಂದರು.

"ನನ್ನ ಮ್ಯಾಲ?"

"ರೊಟ್ಟಿ ರುಚಿನ ಮರತ ಹೋಗೈತಿ. ಹೈದರಾಬಾದದಾಗ ಅಳದ್ರು ಖರೆ, ತೆರಸೂದು ಅವ್ರಿಗೂ ಆಗ್ಲಿಲ್ಲ. ಅತ್ತಿಯವ್ರಿಗೆ ಹೇಳಬ್ಯಾಡ್ರಿ, ಅಳ್ತಾರ. ನೀವು ನುಂಗಿದ್ದು ಸರಕ್ಕನ ಇಳೀತೈತಲ್ರಿ, ಅದನ್ನ ನೋಡಿದ್ರ ನನಗೂ ಒಂದೀಟು ಇಳದಂಗ ಆಗತೈತಿ."

ನನ್ನ ಹೊಟ್ಟೆ ಆಗಲೇ ತುಂಬಿತ್ತು. "ಅತ್ತೀ, ಇನ್ನೊಂದು ರೊಟ್ಟಿ ಹಾಕ್ರಿ!" ಎಂದು ಕೂಗಿದೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕತ್ತೆತ್ತಿ, ಅವರಿಗೆ ಚೆನ್ನಾಗಿ ಕಾಣುವ ಹಾಗೆ ಒಂದೊಂದೇ ತುತ್ತು ನುಂಗತೊಡಗಿದೆ.