ಕೇಕು, ಅಜ್ಜಿ ಮತ್ತು ಇಳಿಜಾರು

"ಇವತ್ತು ಕೇಕ್ ತಲುಪಿಸೋ ಜವಾಬ್ದಾರಿ ನಂದು. ಅದರ ಮೇಲಿನ ಒಂದು ಹೂವೂ ಅಲ್ಲಾಡಲ್ಲ" ಎಂದು ವೆಂಡೆಲ್ ಎದೆಯುಬ್ಬಿಸಿ ಸಾರಿದ.

ಹೆಂಡತಿ ಲೊರೇನ್ ತಲೆಯನ್ನೂ ಎತ್ತಲಿಲ್ಲ. "ಹೋದ ತಿಂಗಳು ಸೂಪಿಗೂ ನೀನು ಇದೇ ಮಾತು ಹೇಳಿದ್ದೆ."

ಒಹಾಯೊ ನದಿಯ ದಂಡೆಯ ಹಳೇ ಗಾಲ್ಫ್ ಕ್ಲಬ್ಬನ್ನು ಗಂಡ ಹೆಂಡತಿ ಸೇರಿ ಹೋಟೆಲ್ಲು, ಮದುವೆಮನೆ ಎರಡೂ ಮಾಡಿಕೊಂಡು ಎಂಟು ವರ್ಷವಾಗಿತ್ತು. ಹಿಂದೆ ಸಾಹುಕಾರರು ಚೆಂಡು ಹೊಡೆಯುತ್ತಿದ್ದ ಹುಲ್ಲಿನ ಇಳಿಜಾರು ಮುಗಿಯುವಲ್ಲಿ ದೋಣಿಕಟ್ಟೆ, ಅದರ ಪಕ್ಕ ಮದುವೆಯ ಚಪ್ಪರ. ಅಲ್ಲಿ ನೂರಿಪ್ಪತ್ತು ಜನ ಕೇಕಿನ ದಾರಿ ಕಾಯುತ್ತಿದ್ದರು.

ಕ್ಲಬ್ಬಿನ ಕಾಲದ ಗಾಲ್ಫ್ ಗಾಡಿಯ ಹಿಂಬದಿಗೆ ವೆಂಡೆಲ್ ಮೂರಂತಸ್ತಿನ ಕೇಕನ್ನು ಪೆಟ್ಟಿಗೆ ಸಮೇತ ಬಿಗಿದ. ಅಷ್ಟರಲ್ಲಿ ಮದುಮಗಳ ಅಜ್ಜಿ ಹೆಸ್ಟರ್ ಕೋಲೂರಿಕೊಂಡು ಬಂದರು. ವಯಸ್ಸು ಎಂಬತ್ತಾರು.

"ಮಂಡಿ ನೋವಪ್ಪ. ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

"ಬನ್ನಿ ಅಜ್ಜಿ. ಪಲ್ಲಕ್ಕಿ ಅಂದ್ಕೊಂಡು ಕೂತ್ಕೊಳ್ಳಿ."

ಅರ್ಧ ಇಳಿಜಾರಿನಲ್ಲಿ ಒಂದು ಗೇಟು. ವೆಂಡೆಲ್ ಇಳಿದು ಹೋಗಿ ಅದನ್ನು ವಿನಯದಿಂದ ತೆರೆದ. ಬ್ರೇಕ್ ಹಾಕುವುದನ್ನು ಮಾತ್ರ ಮರೆತಿದ್ದ. ಪಲ್ಲಕ್ಕಿ ಅವನ ಮುಂದೆಯೇ, ಅವನೇ ತೆರೆದ ಗೇಟಿನಲ್ಲಿ, ಸದ್ದಿಲ್ಲದೆ ಸಾಗಿತು.

ವೆಂಡೆಲ್ ಹಿಂದೆಯೇ ಓಡಿದ. ಗಾಡಿ ಹಿಡಿಯಲು ಹೋದರೆ ಕೈಗೆ ಬಂದದ್ದು ಪೆಟ್ಟಿಗೆಗೆ ಕಟ್ಟಿದ್ದ ರಿಬ್ಬನ್ನು.

"ಅಜ್ಜೀ, ಹಾರ್ಕೊಳ್ಳಿ!"

"ಕೇಕ್ ಬಿಟ್ಟಾ?"

ಗಾಡಿ ಚಪ್ಪರ ದಾಟಿತು. ಬ್ಯಾಂಡಿನವರು ನುಡಿಸುವುದನ್ನು ನಿಲ್ಲಿಸಿದರು. ಮೊದಲೇ ಚಪ್ಪರಕ್ಕೆ ಬಂದಿದ್ದ ಲೊರೇನ್ ತಟ್ಟೆಗಳ ರಾಶಿ ಹಿಡಿದೇ ಓಡಿ ಬಂದಳು. ನದಿಗೆ ಇನ್ನು ಹತ್ತು ಮಾರು. ಆಗ ಹೆಸ್ಟರಜ್ಜಿ ಓರೆಯಾಗಿ ಬಾಗಿ, ಕೋಲಿನ ತುದಿಯನ್ನು ಬ್ರೇಕಿನ ಮೇಲಿಟ್ಟು ಬಲವಾಗಿ ಒತ್ತಿದರು. ಕಟ್ಟೆಯ ಅಂಚಿಗೆ ಒಂದು ಗೇಣು ಇರುವಾಗ ಗಾಡಿ ಕಿರ್ರೆಂದು ನಿಂತಿತು.

ವೆಂಡೆಲ್ ನಿಲ್ಲಲಿಲ್ಲ. ಒದ್ದೆ ಹಲಗೆಯ ಮೇಲೆ ಜಾರಿ, ಗಾಡಿಯನ್ನು ಹಿಂದೆ ಹಾಕಿ, ನೇರವಾಗಿ ಒಹಾಯೊ ನದಿಗೆ ಬಿದ್ದ.

ಸದ್ಯ, ಸೊಂಟದಷ್ಟೇ ನೀರು. ತಲೆ ಮೇಲೆತ್ತಿದವನೇ ಕೇಳಿದ, "ಅಜ್ಜಿ?"

"ಚೆನ್ನಾಗಿದ್ದಾರೆ" ಎಂದಳು ಲೊರೇನ್.

"ಕೇಕು?"

ಅವಳು ಪೆಟ್ಟಿಗೆ ತೆರೆದಳು. ಮೂರು ಅಂತಸ್ತೂ ನೆಟ್ಟಗಿದ್ದವು. ತಟ್ಟೆಗಳನ್ನು ಕೆಳಗಿಟ್ಟು, ಅಜ್ಜಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ವೆಂಡೆಲ್ ನೀರಿನಲ್ಲೇ ಕುಳಿತು ನಗತೊಡಗಿದ.

ಅಜ್ಜಿ ಕೆಳಗೆ ಬಗ್ಗಿ ನೋಡಿದರು.

"ಗಾಡಿ ಬ್ರೇಕ್ ಗಟ್ಟಿಯಾಗಿದೆ ಕಣಪ್ಪ. ನಿನ್ನ ಕಾಲಿಗೂ ಒಂದು ಹಾಕಿಸ್ಕೋ."