ಕಾಕಾ ಚೋಕ್ ಆರಿಸಿದ ಎರಡು ವರ್ಷ

ಅಥವಾ ಕಾಕಾ ಅವತ್ತು ಊದಿದ್ದು ಸಾಸಿವೆಯೇ ಅಲ್ಲವೇನೋ. ರಾಗಿ ಇದ್ದಿರಬಹುದು. ಈ ಕಥೆಯನ್ನು ಹತ್ತಾರು ಸಲ ಹೇಳಿ ಹೇಳಿ ನಾನೇ ಅದನ್ನು ಸಾಸಿವೆ ಮಾಡಿಟ್ಟಿದ್ದೇನೆ, ಯಾಕೆಂದರೆ ಸಾಸಿವೆ ಅಂದಾಗ ಜನ ಜಾಸ್ತಿ ನಗುತ್ತಾರೆ. ಧಾರವಾಡದವರ ಅಡುಗೆಮನೆಗೆ ರಾಗಿ ಎಲ್ಲಿಂದ ಬಂತು ಅಂತ ನೀವು ಕೇಳಿಯೇ ಕೇಳುತ್ತೀರಿ. ಹಾಗಾಗಿ ಸಾಸಿವೆ ಎಂದೇ ಇಟ್ಟುಕೊಳ್ಳೋಣ. ಆಣೆ ಮಾಡಿ ಹೇಳಬಲ್ಲ ಮಾತು ಒಂದೇ: ನನ್ನ ಕಾಕಾನಷ್ಟು ಸಾತ್ವಿಕ ಬೇಟೆಗಾರ ದಕ್ಷಿಣ ಗೋಳಾರ್ಧದಲ್ಲಿ ಇನ್ನೊಬ್ಬ ಹುಟ್ಟಿಲ್ಲ!

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಅವರ ಮನೆ. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಅದರ ಮೇಲೆ ಪ್ಲಾಸ್ಟಿಕ್ ಲೋಟ ಬೋರಲು ಹಾಕಿ, ಕೆಳಗೆ ಒಂದು ಕಾಗದ ತೂರಿಸಿ, ಹಿತ್ತಲಿಗೆ ಒಯ್ದು ಬಿಟ್ಟು ಬರುತ್ತಿದ್ದರು. ಅವರು ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಜಿರಳೆ ಒಳಗೆ ಬಂದಿರುತ್ತಿತ್ತು. ಇಂಥವರು ಎರಡು ವರ್ಷ ಕೂತು, ನಿಂತು, ಬಗ್ಗಿ, ಫೆಸೆಂಟ್ ಬೇಟೆಗೆ ಶಾಟ್‌ಗನ್ ಆರಿಸಿದರು ಅಂದರೆ ನಂಬುತ್ತೀರಾ? ಫೆಸೆಂಟ್ ಅಂದರೆ ನಮ್ಮ ಕಾಡುಕೋಳಿಯ ಶ್ರೀಮಂತ ನೆಂಟ. ಉದ್ದ ಬಾಲ, ಜರಿ ಮೈ. ಕಾಕಾ ಅದನ್ನು ಆವರೆಗೆ ನೋಡಿದ್ದು ಚಿತ್ರದಲ್ಲಿ ಮಾತ್ರ.

ಎಲ್ಲದಕ್ಕೂ ಕಾರಣ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಒಂದು ಫೋಟೋ. ಅವರ ಒಬ್ಬನೇ ಮಗ ಮೆಲ್ಬರ್ನ್‌ನಲ್ಲಿದ್ದ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಊರಂಚಿನ ವೆರಿಬೀಯಲ್ಲಿ ಮನೆ ಮಾಡಿದ್ದ. ಪ್ರತಿ ಚಳಿಗಾಲ ಮಾವನ ಜೊತೆ ಫೆಸೆಂಟ್ ಬೇಟೆಗೆ ಹೋಗುತ್ತಿದ್ದ. ಫೋಟೋದಲ್ಲಿ ಮಾವ ಅಳಿಯನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ, ಇಬ್ಬರೂ ಬಾಯಿ ತುಂಬ ನಗುತ್ತಿದ್ದಾರೆ. ಹಾಲು ತೆಗೆಯಲು ಹೋದ ಕಾಕಾ ಆ ಫೋಟೋದ ಮುಂದೆ ನಿಂತುಬಿಡುತ್ತಿದ್ದರು, ಫ್ರಿಜ್ಜಿನ ಬಾಗಿಲು ತೆರೆದೇ ಇರುತ್ತಿತ್ತು.

ಮಗನ ಫೋನು ಭಾನುವಾರ ಬರುತ್ತಿತ್ತು. ನಾಲ್ಕು ನಿಮಿಷ. ಆರೋಗ್ಯ, ಹವೆ, ಅಮ್ಮನ ಮೊಣಕಾಲು, ಬೈ ಅಪ್ಪಾ.

ಹೀಗಿರುವಾಗ ಆ ಬೀಗರು ಒಮ್ಮೆ ಯಾವುದೋ ಮಾತಿಗೆ, "ಯೂ ಶುಡ್ ಕಮ್ ಒನ್ ಡೇ, ಮೇಟ್" ಅಂದರು. ಅದು ಈ ದೇಶದಲ್ಲಿ ಯಾರು ಬೇಕಾದರೂ ಯಾರಿಗಾದರೂ ಹೇಳಿ ಮರೆತುಬಿಡುವ ಮಾತು. ಆದರೆ ಕಾಕಾ ಕಿವಿಗೆ ಅದು ಬೀಗರ ಕರೆ!

"ಬೀಗರು ಬಾ ಅಂದಾರ. ಬರಿಗೈಲೆ ಹೋದ್ರ ಮರ್ಯಾದಿ ಏನ ಉಳೀತದ?" ಅಂದರು ಕಾಕಾ.

"ಹೂವು ಹಣ್ಣು ತಗೊಂಡು ಹೋಗ್ರಿ," ಅಂದರು ಕಾಕು, ಅಂದರೆ ಅವರ ಹೆಂಡತಿ.

"ಬೇಟಿಗೆ ಹೂವು ಹಣ್ಣು ಯಾರು ಒಯ್ತಾರ?"

"ನೀವು ಬೇಟಿಗೆ ಹೊಂಟೀರಿ ಅಂದಮ್ಯಾಲೆ, ಎಲ್ಲಾ ನಡೀತದ."

ಬಂದೂಕಿನ ಅಂಗಡಿಗೆ ಅವರನ್ನು ಕರೆದೊಯ್ದವಳು ನಾನು. ಆಗ ನನ್ನ ವಾಸ ಹ್ಯಾರಿಸ್ ಪಾರ್ಕ್‌ನಲ್ಲಿ, ಮತ್ತು ಇಡೀ ಬಳಗದಲ್ಲಿ ಶನಿವಾರ ಬಿಡುವಿದ್ದ ದುರದೃಷ್ಟವಂತೆ ನಾನೊಬ್ಬಳೇ. ಜನವರಿ ತಿಂಗಳು, ಅಂದರೆ ಇಲ್ಲಿ ನಡುಬೇಸಿಗೆ, ಟಾರು ಕರಗುವ ಸೆಕೆ. ಕಾಕಾ ಉಣ್ಣೆಯ ಸ್ವೆಟರ್, ಅದರ ಮೇಲೊಂದು ಕೋಟು ಹಾಕಿಕೊಂಡು ಬಂದು ಕಾರು ಹತ್ತಿದರು! ಬೇಟೆ ನಡೆಯುವುದು ಚಳಿಗಾಲದಲ್ಲಿ, ಬಟ್ಟೆಯ ದಪ್ಪ ಸೇರಿಸಿಯೇ ಬಂದೂಕಿನ ಹಿಂಬದಿ ಹೆಗಲಿಗೆ ಕೂರಬೇಕು ಅಂತ ಎಲ್ಲೋ ಓದಿದ್ದರು. ಅಂಗಡಿಯವನು ಬೆವರು ಸುರಿಸುತ್ತಿದ್ದ ಇವರನ್ನು ನೋಡಿ, ಏನನ್ನು ಹೊಡೆಯಬೇಕು ಅಂತಿದ್ದೀರಿ ಅಂತ ಕೇಳಿದ. ಕಾಕಾ ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮ ಬೀಗರು ಏನು ಹೊಡೀತಾರೋ ಅದನ್ನ."

ಹನ್ನೆರಡು ಬೋರಿನದ್ದೋ ಇಪ್ಪತ್ತರದ್ದೋ? ಬೋರ್ ಅಂದರೆ ನಳಿಗೆಯ ಅಗಲದ ಲೆಕ್ಕ, ಅಂಕಿ ಕಡಿಮೆಯಾದಷ್ಟೂ ನಳಿಗೆ ದೊಡ್ಡದು. ಹನ್ನೆರಡು ಭಾರ, ಆದರೆ ಹೊಡೆತ ಜೋರು. ಇಪ್ಪತ್ತು ಹಗುರ, ದಿನವಿಡೀ ಹೊತ್ತು ನಡೆಯಬಹುದು. ನಳಿಗೆಗಳು ಅಕ್ಕಪಕ್ಕವೋ ಮೇಲೆಕೆಳಗೋ? ಒಂದು ವರ್ಷ ಇದರಲ್ಲೇ ಹೋಯಿತು. ಲೈಸೆನ್ಸಿನ ತರಗತಿ, ಪರೀಕ್ಷೆ, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟು ಎಲ್ಲ ಆಯಿತು. ಗಟ್ಟಿ ಗೋಡೆ ಇದ್ದದ್ದು ದೇವರ ಕೋಣೆಯಲ್ಲಿ ಮಾತ್ರ. ಕಪಾಟು ನೋಡಲು ಬಂದ ಪೊಲೀಸಿನವನಿಗೆ ಕಾಕು, "ಬೂಟು ಹೊರಗ" ಅಂತ ಬೆರಳು ತೋರಿಸಿದರು. ಆರಡಿ ಮನುಷ್ಯ, ಕಾಲುಚೀಲದಲ್ಲಿ ನಿಂತು ತಪಾಸಣೆ ಮುಗಿಸಿ, ಪ್ರಸಾದ ತಿಂದು ಹೋದ.

ಕೊನೆಗೆ ಮೇಲೆಕೆಳಗೆ ನಳಿಗೆಯ ಹನ್ನೆರಡು ಬೋರಿನದ್ದು ಬಂತು. ಮುಗಿಯಿತು ಅಂದುಕೊಂಡಿರಾ? ಆಗ ಶುರುವಾದದ್ದು ಚೋಕ್!

ಶಾಟ್‌ಗನ್ನಿನಿಂದ ಹೊರಡುವುದು ಒಂದು ಗುಂಡಲ್ಲ, ನೂರಾರು ಸಣ್ಣ ಚರೆಗಳು. ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಉಂಗುರದಂಥ ಕೊಳವೆಯೇ ಚೋಕ್, ಒಂದು ಬಂದೂಕಿಗೆ ನಾಲ್ಕೈದು ಅಳತೆಯವು ಬರುತ್ತವೆ. ಬಾಯಿ ಬಿಗಿಯಾದರೆ ಚರೆ ಒತ್ತಾಗಿ ದೂರ ಹೋಗುತ್ತವೆ, ಸಡಿಲಾದರೆ ಹತ್ತಿರದಲ್ಲೇ ಹರಡಿಕೊಳ್ಳುತ್ತವೆ. ಇದನ್ನು ನನಗೆ ತೋರಿಸಲೆಂದೇ ಆ ಸಾಸಿವೆ ಪ್ರಯೋಗ. ಕಾಕಾ ಪತ್ರಿಕೆ ಸುರುಳಿ ಸುತ್ತಿ, ಅದರೊಳಗೆ ಸಾಸಿವೆ ತುಂಬಿ, ಹಾಲ್‌ನಲ್ಲಿ ಕಟ್ಟಿದ ಬೆಡ್‌ಶೀಟಿಗೆ ಗುರಿಯಿಟ್ಟು ಊದಿದರು.

"ನೋಡವಾ, ಇದು ಇಂಪ್ರೂವ್ಡ್ ಸಿಲಿಂಡರ್. ಬಾಯಿ ಅಗಲ, ಹತ್ರದ ಹಕ್ಕಿಗೆ. ಇದು ಫುಲ್. ಬಾಯಿ ಬಿಗಿ, ದೂರದ್ದಕ್ಕ."

"ಹಕ್ಕಿ ಎಷ್ಟು ದೂರ ಇರ್ತಾವ ಕಾಕಾ?"

"ಅದ ಗೊತ್ತಾಗವಲ್ದು!"

ಕಾಕು ಸೌಟು ಹಿಡಿದೇ ಹೊರಗೆ ಬಂದರು. "ಒಗ್ಗರಣಿಗೆ ಒಂದು ಕಾಳು ಉಳಿಸಿಲ್ಲ. ಇವತ್ತ ಸಾರು ಬೆಡ್‌ಶೀಟ್ ಮ್ಯಾಲೆ ಹಾಕ್ತೀನಿ, ನೆಕ್ಕೊಂಡು ಉಣ್ರಿ!"

ಮತ್ತೊಂದು ವರ್ಷ ಉರುಳಿತು. ಒಂದು ದಿನ ನಾನು ರೇಗಿ, ಯಾವುದೋ ಒಂದನ್ನು ಆರಿಸಿ ಮುಗಿಸಬಾರದೇ ಅಂತ ಕಾಕು ಹತ್ತಿರ ಗೊಣಗಿದೆ. ಅವರು ಬೀನ್ಸ್ ಮುರಿಯುತ್ತಾ, ತಲೆ ಎತ್ತದೆ ಹೇಳಿದರು: "ಈಗ ಭಾನುವಾರದ ಫೋನು ನಲವತ್ತು ನಿಮಿಷ ನಡೀತದವಾ. ಬರೇ ಚೋಕಿಂದ. ಆರಿಸಿಬಿಟ್ರ ಅವರು ಮಗನ ಜೋಡಿ ಏನ ಮಾತಾಡಬೇಕು?"

ಅವರು ಹೀಗೇ ಹೇಳಿದರೋ, ಬರೀ ನಲವತ್ತು ನಿಮಿಷ ಅಂದದ್ದಕ್ಕೆ ಉಳಿದದ್ದನ್ನು ನಾನು ಸೇರಿಸಿದೆನೋ, ಖಾತ್ರಿ ಇಲ್ಲ. ಆಮೇಲೆ ನಾನು ಗೊಣಗಲಿಲ್ಲ, ಅದು ಖಾತ್ರಿ.

ಈ ನಡುವೆ ಖಂಡೇನವಮಿ ಬಂತು, ಆಯುಧಪೂಜೆ. ಆ ಮನೆಯಲ್ಲಿ ಅಷ್ಟು ವರ್ಷ ಟೋಸ್ಟರಿಗೆ, ಕಾರಿಗೆ, ಹುಲ್ಲು ಕತ್ತರಿಸುವ ಮಷೀನಿಗೆ ಪೂಜೆ. ಮೊದಲ ಸಲ ನಿಜವಾದ ಆಯುಧ! ಕಾಕಾ ಉತ್ಸಾಹದಲ್ಲಿ ಚೋಕುಗಳನ್ನೆಲ್ಲ ಬಿಚ್ಚಿ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಅರಿಶಿನ ಕಲಸಿ ಒಂದೊಂದಕ್ಕೂ ಹಚ್ಚಿ, ಕುಂಕುಮವಿಟ್ಟು, ಆರತಿ ಎತ್ತಿ, ಅತಿ ಬಿಗಿಯಾದ ಎರಡನ್ನು ನಳಿಗೆಗಳಿಗೆ ಮರಳಿ ಬಿಗಿದರು. ಒರೆಸಲಿಲ್ಲ. ಪೂಜೆ ಮಾಡಿದ್ದನ್ನು ಯಾರಾದರೂ ಒರೆಸುತ್ತಾರೆಯೇ?

ಮುಂದಿನ ಚಳಿಗಾಲ ಕಾಕಾ, ನಾನು ಇಬ್ಬರೂ ಹೊರಟೆವು. ಕಾಕು ಮೊಣಕಾಲಿನ ನೆಪ ಹೇಳಿ ಉಳಿದರು, ಚಪಾತಿ ಮತ್ತು ಎಣ್ಣೆ ತೇಲುವ ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಒಂಬತ್ತು ತಾಸು ನಾನು ಕಾರು ಓಡಿಸಿದೆ, ಕಾಕಾ ಚೋಕ್ ಬಗ್ಗೆ ಮಾತಾಡಿದರು. ವೆರಿಬೀಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಮಗನ ಗಾಡಿಯಲ್ಲಿ ಹಕ್ಕಿ ಸಾಕಿ ಬಿಡುವ ಫಾರ್ಮ್ ತಲುಪಿದೆವು. ಬೀಗರು ಕಾದಿದ್ದರು. ಬೀಗರ ನಾಯಿ ಮೂಸಿದ್ದಕ್ಕೆ ಬೆದರಿ ಒಂದು ಫೆಸೆಂಟ್ ನಮ್ಮ ಕಾಲ ಬಳಿಯೇ ಭರ್ರನೆ ಎದ್ದಿತು. ಕಾಕಾ ಮುಖ ಬೆಳಗಿತು.

"ಹತ್ರನ ಏಳ್ತಾವ! ಇಂಪ್ರೂವ್ಡ್ ಸಿಲಿಂಡರ್!"

ಎರಡು ವರ್ಷದ ತಪಸ್ಸು ಫಲಿಸಿತು, ತೀರ್ಮಾನ ಆಯಿತು! ಬಂದೂಕು ಮಡಚಿ, ಖಾಲಿ ಇದೆಯೆಂದು ನೋಡಿ, ಚೋಕ್ ಬಿಚ್ಚುವ ಕೀಲಿ ಹಾಕಿ ತಿರುಗಿಸಿದರು. ಚೋಕ್ ಅಲುಗಲಿಲ್ಲ. ಮಗ ತಿರುಗಿಸಿದ. ಅಲುಗಲಿಲ್ಲ. ಬೀಗರು ಕನ್ನಡಕ ಏರಿಸಿ ನಳಿಗೆಯ ಬಾಯಿ ಪರೀಕ್ಷಿಸಿದರು.

"ವಾಟ್ಸ್ ದಿಸ್ ಯೆಲ್ಲೋ ಸ್ಟಫ್, ಮೇಟ್?"

"ಟರ್ಮರಿಕ್," ಅಂದರು ಕಾಕಾ, ಸಣ್ಣ ದನಿಯಲ್ಲಿ.

ಐವತ್ತು ವರ್ಷದ ಬೇಟೆಯಲ್ಲಿ ಬೀಗರು ತುಕ್ಕು ನೋಡಿದ್ದರಂತೆ, ಕೆಸರು ನೋಡಿದ್ದರಂತೆ, ನಳಿಗೆಯೊಳಗೆ ಕಣಜದ ಗೂಡನ್ನೂ ನೋಡಿದ್ದರಂತೆ. ಅರಿಶಿನ ಇದೇ ಮೊದಲು. ಅವರು ತಮ್ಮದೇ ಇನ್ನೊಂದು ಬಂದೂಕು ಕೊಡಲು ಬಂದರು. ಕಾಕಾ ಬೇಡವೆಂದು ಕೈಯಾಡಿಸಿದರು, ಕಣ್ಣು ಮೇಲೆತ್ತಲಿಲ್ಲ. ಆಗ ಮಗ, "ಯೂ ಗೋ ಅಹೆಡ್. ನಾನು ಅಪ್ಪನ ಜೊತೆ ಇರ್ತೀನಿ" ಅಂದ.

ಬೀಗರ ಹಿಂದೆ ನಾನು ಗುಡ್ಡ ಹತ್ತಿದೆ. ಮೇಲಿನಿಂದ ತಿರುಗಿ ನೋಡಿದರೆ ಗಾಡಿಯ ಹಿಂಬದಿ ತೆರೆದು ಅದರ ಅಂಚಿನಲ್ಲಿ ಇಬ್ಬರೂ ಕೂತಿದ್ದರು. ನಳಿಗೆಯನ್ನು ಮಗ ಅಪ್ಪಿ ಹಿಡಿದಿದ್ದ, ಕೀಲಿ ಕಾಕಾ ಕೈಯಲ್ಲಿ. ಚಟ್ನಿಯ ಡಬ್ಬಿಯಿಂದ ಎಣ್ಣೆ ಬಸಿದು ಚೋಕಿನ ಸಂದಿಗೆ ಬಿಡುತ್ತಿದ್ದರು. ಇನ್ನೊಮ್ಮೆ ತಿರುಗಿದಾಗ ಮಗ ತಲೆ ಹಿಂದಕ್ಕೆ ಎಸೆದು ನಗುತ್ತಿದ್ದ. ನಾವು ಮೂರು ತಾಸು ಮೇಲಿದ್ದೆವು ಅನ್ನುತ್ತದೆ ನನ್ನ ನೆನಪು. ನಲವತ್ತು ನಿಮಿಷ ಅನ್ನುತ್ತಿದ್ದರು ಬೀಗರು.

ನಾವು ಇಳಿದು ಬಂದಾಗ ಎರಡೂ ಚೋಕುಗಳು ಹೊರಬಂದಿದ್ದವು. ಒರೆಸಿ, ಬಟ್ಟೆಯ ಮೇಲೆ ಇಟ್ಟು, ಎಷ್ಟೋ ಹೊತ್ತಾದಂತಿತ್ತು. ಬಂದೂಕು ಪಕ್ಕಕ್ಕಿತ್ತು. ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದರು. ನಮ್ಮ ಹೆಜ್ಜೆ ಸದ್ದಿಗೆ ನಿಲ್ಲಿಸಿದರು.

ಹಿಂದಿರುಗುವ ದಾರಿಯಲ್ಲಿ ಕೇಳಿದೆ, "ಅಷ್ಟೊತ್ತು ಏನ ಮಾತಾಡಿದ್ರಿ ಕಾಕಾ?"

"ಚೋಕ್ ಬಗ್ಗೆ," ಅಂದು ಕಿಟಕಿಯತ್ತ ತಿರುಗಿಕೊಂಡರು. ಒಂಬತ್ತು ತಾಸೂ ಹೊರಗಿನ ಹೊಲಗಳನ್ನೇ ನೋಡುತ್ತಾ ಬಂದರು.

ಆಮೇಲೆ ಕಾಕಾ ಹೆಚ್ಚು ದಿನ ಬದುಕಲಿಲ್ಲ. ಹನ್ನೊಂದನೆಯ ದಿನ, ಎಲ್ಲರ ಊಟ ಮುಗಿದು, ಮಗ ಹಿತ್ತಲಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದಾಗ ಅವನನ್ನೂ ಕೇಳಿದೆ. ಅವನು ಸರಿದು ನನಗೂ ಜಾಗ ಮಾಡಿದ.

"ಚೋಕ್ಸ್," ಅಂದ. ಆಮೇಲೆ, "ಮೋಸ್ಟ್ಲೀ."

ಉಳಿದದ್ದು ಏನು ಅಂತ ನನಗೆ ಗೊತ್ತಿಲ್ಲ.