ಹದಿನೇಳನೇ ಕಾಲಂ

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಮುಂದೆ, ಹೊಂಗೆ ಮರದ ನೆರಳಲ್ಲಿ ಕೂತು ಇಪ್ಪತ್ತು ವರ್ಷ ಅರ್ಜಿ ಬರೆದವನು ನಾನು. ನನ್ನ ಅರ್ಜಿಗಳನ್ನು ಅಮಲ್ದಾರರು ತಿರಸ್ಕರಿಸಿರಬಹುದು, ಆದರೆ ಅವುಗಳಲ್ಲಿ ತಪ್ಪು ಹುಡುಕಿದ್ದಿಲ್ಲ. ಹಾಗಾಗಿ ಯುದ್ಧದ ಕಾಲದಲ್ಲಿ ಒಂದು ದಿನ ನನ್ನ ಹೆಂಡತಿ ಸುಬ್ಬಮ್ಮ, "ಹಿಂದಿನ ಬೀದಿ ಮನೆ ಖಾಲಿ ಬಿದ್ದಿದೆ ಅಲ್ವೇನೂಂದ್ರೆ? ದಿಕ್ಕಿಲ್ಲದ ಹೆಂಗಸರು ಅಲ್ಲಿ ಒಂದು ವರ್ಷ ಇದ್ದು, ಹೊಲಿಗೆ ಕಲಿತು, ತಮ್ಮ ಕಾಲ ಮೇಲೆ ತಾವು ನಿಂತು ಹೋಗ್ಲಿ" ಎಂದಾಗ ನನಗೆ ಕಿಂಚಿತ್ತೂ ಅಳುಕಾಗಲಿಲ್ಲ.

ಮನೆ ಅವಳ ತವರಿನವರು ಕೊಟ್ಟದ್ದು. ಹೊಲಿಗೆ ಯಂತ್ರ ಅವಳದು. ಮನೆ ಮನೆ ತಿರುಗಿ ರಾಗಿ, ಅವರೆಬೇಳೆ ಕೇಳಿ ತಂದವಳೂ ಅವಳೇ. ಉಳಿದ ಮಹತ್ಕಾರ್ಯವನ್ನೆಲ್ಲ ನಾನು ವಹಿಸಿಕೊಂಡೆ. ಅಂದರೆ, ಸೇರ ಬಯಸುವವರಿಗೆ ಒಂದು ಅರ್ಜಿಯ ನಮೂನೆ ತಯಾರಿಸಿದೆ.

ನಾಲ್ಕು ಪುಟ, ಮೂವತ್ತೊಂದು ಕಾಲಂ! ಮೈಸೂರು ಸಂಸ್ಥಾನದಲ್ಲಿ ಜಮೀನು ಕೊಳ್ಳುವವರಿಗೂ ಅಷ್ಟು ಕಾಲಂ ಇರಲಿಲ್ಲ. ಮೊದಲ ತಿಂಗಳು ಮೂವರು ಹೆಂಗಸರು ಬಂದರು. ನಾನು ಜಗುಲಿಯ ಮೇಲೆ ಕೂತು ಒಂದೊಂದೇ ಕಾಲಂ ಗಂಭೀರವಾಗಿ ಓದಿ ಹೇಳಿದೆ. ಇಬ್ಬರು ಮೊದಲ ಪುಟ ಮುಗಿಯುವುದರೊಳಗೆ ಎದ್ದು ನಡೆದರು. ಇನ್ನೊಬ್ಬಾಕೆ ಒಂಬತ್ತನೆಯದರವರೆಗೆ ತಾಳಿಕೊಂಡು, "ಎಮ್ಮೆ ಕಟ್ಟಾಕಿ ಬತ್ತೀನಿ ಸಾ" ಎಂದು ಹೋದವಳು ಇನ್ನೂ ಎಮ್ಮೆ ಕಟ್ಟುತ್ತಲೇ ಇದ್ದಾಳೆ.

ಆಮೇಲೆ ನಂಜಮ್ಮ ಬಂದಳು. ಕೊಣನೂರಿನ ಕಡೆಯವಳು, ನಡೆದುಕೊಂಡೇ ಬಂದಿದ್ದಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನ ಅಣ್ಣ ಕರಿಗೌಡ ಅವಳ ಪಾಲಿನ ಹೊಲವನ್ನು ತಾನೇ ಉಳುತ್ತ, ಅವಳನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿ, ಹೊಡೆದು ದುಡಿಸುತ್ತಿದ್ದ. ಸುಬ್ಬಮ್ಮ ಏನೂ ಕೇಳದೆ ಅವಳನ್ನು ಒಳಗೆ ಕರೆದು ಮುದ್ದೆ ಬಡಿಸಿದಳು. ಉಂಡು ಬಂದು ನನ್ನೆದುರು ಕೂತವಳು, "ತಿರ್ಗಾ ಅಲ್ಲಿಗೋದ್ರೆ ನಾ ಉಳಿಯಾಕಿಲ್ಲ ಸಾ" ಎಂದಳು. ಕಣ್ಣೊರೆಸಿಕೊಂಡು ಮುಂದಿನ ಕಾಲಮ್ಮಿಗೆ ಹೋದೆ.

ಹದಿನೇಳನೇ ಕಾಲಂ: 'ಅರ್ಜಿದಾರಳ ಯಜಮಾನನ ಒಪ್ಪಿಗೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು.' ಯಜಮಾನನ ಗುರುತಿಲ್ಲದೆ ಹೆಂಗಸಿನ ಕಾಗದವನ್ನು ನಾನು ಜನ್ಮದಲ್ಲಿ ಬರೆದವನಲ್ಲ. ಗಂಡನಿಲ್ಲದ ಮೇಲೆ ನಂಜಮ್ಮನಿಗೆ ಯಜಮಾನ ಕರಿಗೌಡನೇ ಎಂದು ಲೆಕ್ಕ ಹಾಕಿದೆ. ಹೊಡೆಯುವವನ ಕೈಯಿಂದ ತಪ್ಪಿಸಿಕೊಂಡು ಬಂದವಳು ಅವನದೇ ಒಪ್ಪಿಗೆ ತರುವುದು ಹೇಗೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು, ಕಾಲಂ ಖಾಲಿ ಇದೆ ಎಂಬುದು ಮಾತ್ರ.

ಯಾರಿಗೂ ಹೇಳದೆ ಕರಿಗೌಡನಿಗೆ ಕಾಗದ ಬರೆದೆ. 'ಮಹಾರಾಜಶ್ರೀ ಕರಿಗೌಡರ ಸನ್ನಿಧಾನಕ್ಕೆ, ಉಭಯ ಕುಶಲೋಪರಿ' ಎಂದು ಆರಂಭಿಸಿ, ದಯಮಾಡಿ ಒಪ್ಪಿಗೆ ಕೊಡಬೇಕೆಂದು ಬೇಡಿಕೊಂಡೆ. ಅಲ್ಲಿಗೂ ಬಿಡಲಿಲ್ಲ. ಬಸ್ಸಿಳಿದು ಯಾವ ಕಡೆ ತಿರುಗಬೇಕು, ಎಷ್ಟನೇ ಮನೆ, ಎಲ್ಲ ವಿವರವಾಗಿ ಬರೆದೆ.

ಎಂಟನೇ ದಿನ, ಯುದ್ಧದಿಂದಾಗಿ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮಹಾರಾಜಶ್ರೀಗಳು ದಯಮಾಡಿಸಿದರು. ಜತೆಗೆ ಇಬ್ಬರು ಗಟ್ಟಿ ಆಳುಗಳು. ಜಗುಲಿಯ ಮುಂದೆ ನಿಂತು ಕರಿಗೌಡ ನನ್ನ ಕಾಗದ ಆಡಿಸಿದ.

"ಯಾವ ಪುಣ್ಯಾತ್ಮ ಬರದ್ನೋ ಕಾಣೆ. ಒಬ್ರನ್ನೂ ದಾರಿ ಕೇಳ್ದಂಗೆ ಬಂದ್ಬುಟ್ಟೆ ಕಣಯ್ಯ."

ಸುಬ್ಬಮ್ಮ ನನ್ನ ಕಡೆ ತಿರುಗಿದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

"ನಾನು ಒಪ್ಪಾಕಿಲ್ಲ" ಎಂದ ಕರಿಗೌಡ. "ಒಪ್ಪಿಗೆ ಇಲ್ದೆ ಅವಳ್ನ ಇಲ್ಲಿ ಮಡಿಕ್ಕೊಂಬೋದಾ? ನೀನೇ ಯೋಳು."

ಈಗಲಾದರೂ ಸುಳ್ಳು ಹೇಳಬಾರದೇ? ವೃತ್ತಿಧರ್ಮ ಅಡ್ಡ ಬಂತು. "ನಿಯಮದ ಪ್ರಕಾರ ಇಲ್ಲ" ಎಂದುಬಿಟ್ಟೆ.

"ಏನೂಂದ್ರೆ, ನೀವು ದಯವಿಟ್ಟು ಬಾಯಿ ಮುಚ್ಕೊಳ್ಳಿ" ಎಂದಳು ಸುಬ್ಬಮ್ಮ. ಆಳುಗಳು ಮೆಟ್ಟಿಲ ಮೇಲೆ ಕಾಲಿಟ್ಟರು. ಸುಬ್ಬಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳ ಪಕ್ಕದಲ್ಲೇ ನುಸುಳಿ ನಂಜಮ್ಮ ಈಚೆಗೆ ಬಂದಳು.

"ಸಾ, ಆ ಕಾಲಮ್ಮು ಎಲ್ಲದೆ?"

ತೋರಿಸಿದೆ. ನನ್ನ ಮಸಿಯ ಬಟ್ಟೆಗೆ ಹೆಬ್ಬೆರಳು ಒತ್ತಿ, ಯಜಮಾನನ ಜಾಗದಲ್ಲಿ ಬಲವಾಗಿ ಊರಿದಳು.

"ನನ್ನ ಯಜಮಾನ ಸತ್ತೋದ. ಈಗ ನಂಗೆ ನಾನೇಯ. ನಾನು ಒಪ್ಪಿವ್ನಿ."

ಕರಿಗೌಡ ನನ್ನ ಕಡೆ ನೋಡಿದ. "ಇದು ನಡೀತದೇನಯ್ಯಾ?"

ಕಾಗದವನ್ನು ಎತ್ತಿ ಹಿಡಿದು ನೋಡಿದೆ. ಗುರುತು ಗೆರೆ ದಾಟಿರಲಿಲ್ಲ. ಯಜಮಾನ ಗಂಡಸೇ ಆಗಿರಬೇಕೆಂದು ನಾನು ಎಲ್ಲೂ ಬರೆದಿರಲಿಲ್ಲ. ನನ್ನ ಎದೆ ಉಬ್ಬಿತು.

"ಕ್ರಮವಾಗಿದೆ" ಎಂದೆ. ಕೆಳಗೆ 'ಬಿಕ್ಕಲಂ', ಅಂದರೆ ಕಾಗದ ಬರೆದವನು, ಎಂದು ನನ್ನ ಹೆಸರು ಬರೆದೆ. "ಇನ್ನು ಈಕೆಯನ್ನು ಮುಟ್ಟಿದರೆ ನಾನು ಬರೆಯುವ ಅರ್ಜಿಗೆ ಪುಟಗಳ ಮಿತಿ ಇರುವುದಿಲ್ಲ. ನಿಮ್ಮ ಮೇಲೆ, ಈ ಇಬ್ಬರ ಮೇಲೆ, ಆಕೆಯ ಹೊಲದ ಮೇಲೆ, ಎಲ್ಲಕ್ಕೂ ಬೇರೆ ಬೇರೆ."

ಹೊಲದ ಮಾತು ಬಂದದ್ದೇ ತಡ, ಕರಿಗೌಡ ಮೆಟ್ಟಿಲಿಳಿದ. ವಾಪಸಾಗುವಾಗ ಬಸ್ಸು ಹೊರಡದೆ ಮೂವರೂ ಊರಾಚೆಯವರೆಗೆ ತಳ್ಳಿದರಂತೆ. ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಸುಬ್ಬಮ್ಮ ಉಳಿದ ನಮೂನೆಗಳನ್ನೆಲ್ಲ ರವಿಕೆಯ ಅಳತೆ ಕತ್ತರಿಸಲು ತೆಗೆದುಕೊಂಡಳು. ಆಮೇಲೆ ಮನೆ ತುಂಬಿತು. ಅರಕಲಗೂಡಿನಿಂದ, ಶಾಂತಿಗ್ರಾಮದಿಂದ ಹೆಂಗಸರು ಬಂದರು, ಕಲಿತರು, ತಲೆಯೆತ್ತಿಕೊಂಡು ಹೋದರು. ಆ ಮನೆಯ ಬಗ್ಗೆ ನನಗೆ ಇರುವಷ್ಟು ಹೆಮ್ಮೆ ಬೇರೆ ಯಾವುದರ ಬಗ್ಗೆಯೂ ಇಲ್ಲ.

ವರ್ಷ ತುಂಬಿದಾಗ ನಂಜಮ್ಮನಿಗೆ ಚನ್ನರಾಯಪಟ್ಟಣದಲ್ಲಿ ಹೊಲಿಗೆ ಕಲಿಸುವ ಕೆಲಸವಿದೆಯೆಂದು ತಿಳಿಯಿತು. ಯೋಗ್ಯತಾಪತ್ರ ಬೇಕಿತ್ತು. ನಾನು ಎರಡು ರಾತ್ರಿ ನಿದ್ದೆಗೆಟ್ಟು ಮೂರು ಪುಟ ಬರೆದೆ. ಅಷ್ಟರಲ್ಲಿ ಅವಳಿಗೆ ಓದಲು ಬರುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಆಮೇಲೆ ನನ್ನ ಲೇಖನಿಯನ್ನೇ ಕೇಳಿ ಇಸಿದುಕೊಂಡು ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಹೊಡೆದುಹಾಕಿದಳು.

"ಇಷ್ಟು ಸಾಕು ಸಾ."

ಉಳಿದಿದ್ದದ್ದು: 'ನಂಜಮ್ಮನಿಗೆ ಹೊಲಿಗೆ ಚೆನ್ನಾಗಿ ಬರುತ್ತದೆ.'

ನಾಲ್ಕನೇ ದಿನವೇ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷದಲ್ಲಿ ನಾನು ಬರೆದ ಕಾಗದಕ್ಕೆ ಅಷ್ಟು ಬೇಗ ಜವಾಬು ಬಂದದ್ದು ಅದೊಂದೇ ಸಲ.